ಹೊರಗಿನ ಮೆಕ್ಯಾನಿಕ್

ಆರ್‌ಪಿಸಿ ಲೇಔಟ್, ವಿಜಯನಗರ
ಬೆಂಗಳೂರು – 40
ಸೋಮವಾರ, 10 ನವೆಂಬರ್ 2025

ಪ್ರೀತಿಯ ತಮ್ಮ ಭೈರೇಶನಿಗೆ,

ಹೇಗಿದ್ದೀಯ? ಹೊಸಪೇಟೆಯ ಬಿಸಿಲಿಗೆ ಮೂಗಿನಲ್ಲಿ ರಕ್ತ ಬರುವುದು ಮತ್ತೆ ಶುರುವಾಗಿಲ್ಲ ತಾನೇ? ಲಾರಿ ಅಡಿ ಮಲಗುವಾಗ ಬೆನ್ನ ಕೆಳಗೆ ಗೋಣಿ ಹಾಕಿಕೋ, ಸಿಮೆಂಟು ನೆಲ ಸೊಂಟ ತಿನ್ನುತ್ತದೆ. ಕವನಾಳ ಆರೋಗ್ಯ ಚೆನ್ನಾಗಿದೆ ಎಂದು ನಂಬಿದ್ದೇನೆ. ಅಣ್ಣನಾದವನು ಆಶೀರ್ವಾದದಿಂದ ಕಾಗದ ಶುರು ಮಾಡಬೇಕು. ನಾನು ಅದನ್ನು ಕೊನೆಗೆ ಇಟ್ಟಿದ್ದೇನೆ, ಅಲ್ಲಿಯವರೆಗೆ ಓದಿದರೆ ತೆಗೆದುಕೋ. ನೀನು ಫೋನ್ ಎತ್ತುವುದಿಲ್ಲ. ವಾಟ್ಸಾಪಿನಲ್ಲಿ ನಾನು ಕಳಿಸಿದ್ದಕ್ಕೆಲ್ಲ ಹನ್ನೊಂದು ತಿಂಗಳಿಂದ ಒಂದೇ ಟಿಕ್ಕು. ನಿನ್ನ ವಿಳಾಸಕ್ಕಾಗಿ ಮಹಾಲಕ್ಷ್ಮಿ ಲೇಔಟಿಗೆ ಹೋಗಿ ನಿನ್ನ ಅತ್ತೆ, ಕವನಾಳ ಅಮ್ಮನನ್ನು ಕೇಳಿದೆ; ಕೊಡುವ ಮುಂಚೆ ನನ್ನನ್ನು ಅರ್ಧ ಗಂಟೆ ಬಾಗಿಲಲ್ಲೇ ನಿಲ್ಲಿಸಿದರು. ನಿಲ್ಲಿಸಿದ್ದು ಸರಿ. ಪೋಸ್ಟ್‌ಮ್ಯಾನನನ್ನು ಬ್ಲಾಕ್ ಮಾಡುವ ವಿದ್ಯೆ ಇನ್ನೂ ಬಂದಿಲ್ಲವೆಂಬ ಧೈರ್ಯದಲ್ಲಿ ಬರೆಯುತ್ತಿದ್ದೇನೆ.

ಲೆಕ್ಕದಿಂದಲೇ ಶುರು ಮಾಡುತ್ತೇನೆ, ನನಗೆ ಬರುವುದು ಅದೊಂದೇ. ಆ ಕಾರಿನಿಂದ ಇಲ್ಲಿಯವರೆಗೆ ಆದ ಖರ್ಚು: ವರ್ಕ್‌ಶಾಪಿಗೆ ಹನ್ನೊಂದು ಸಲ ಹೋದದ್ದು, ಅದರಲ್ಲಿ ನಾಲ್ಕು ಸಲ ಗಾಡಿ ಇನ್ನೊಂದು ಗಾಡಿಯ ಬೆನ್ನ ಮೇಲೆ ಹೋದದ್ದು, ಅಲ್ಲಿ ಸುಮ್ಮನೆ ನಿಂತ ದಿನ ಒಟ್ಟು ನೂರಾ ಆರು, ಆ ದಿನಗಳ ಆಟೋ ಬಾಡಿಗೆ ಇಪ್ಪತ್ತೊಂದು ಸಾವಿರ ಚಿಲ್ಲರೆ, ಹೊಸ ಗೇರ್‌ಬಾಕ್ಸಿಗೆ ಕಟ್ಟಿದ ಅರ್ಧ ದುಡ್ಡು, ವಕೀಲರ ಫೀಸು ಮೂವತ್ತು ಸಾವಿರ, ಅವ್ವನ ಕಣ್ಣಿನ ಆಪರೇಷನ್ ಒಂದು ತಿಂಗಳು ಮುಂದಕ್ಕೆ, ಒಬ್ಬ ತಮ್ಮ. ಕೊನೆಯ ಬಾಬತ್ತಿನ ಎದುರು ಎಷ್ಟು ಬರೆಯಬೇಕೆಂದು ತಿಳಿಯದೆ ಜಾಗ ಖಾಲಿ ಬಿಟ್ಟಿದ್ದೇನೆ.

ನೀನು ಮೊದಲೇ ಬೇಡ ಅಂದಿದ್ದೆ. ಎಡ ಮಂಡಿ ಕ್ಲಚ್ ತುಳಿಯಲಾರದೆ ನಾನು ಆಟೋಮ್ಯಾಟಿಕ್ ಗಾಡಿ ಹುಡುಕುತ್ತಿದ್ದಾಗ, ಕಾಮಾಕ್ಷಿಪಾಳ್ಯದ ನಿನ್ನ ಗ್ಯಾರೇಜಿನಲ್ಲಿ ಕೈ ಒರೆಸಿಕೊಳ್ಳುತ್ತಾ, "ಅಣ್ಣ, ಆ ಮಾಡಲ್ ಗೇರ್‌ಬಾಕ್ಸು ನಮ್ ಸಿಗ್ನಲ್‌ಗಳಿಗೆ ಆಗಲ್ಲ ಕಣಣ್ಣ, ಬಿಸಿ ತಡ್ಕೊಳ್ಳಲ್ಲ" ಅಂದೆ. "ಹದಿಮೂರು ಲಕ್ಷ ಕೊಡೋನು ನಾನು, ಬಿಸಿ ನಿಂಗ್ಯಾಕೋ?" ಎಂದು ನಕ್ಕುಬಿಟ್ಟೆ. ಪ್ಲಾಸ್ಟಿಕ್ ಟಬ್ಬಿನಲ್ಲಿ ಗುಂಡಿ, ಜಿಪ್ಪು ಹೊತ್ತುಕೊಂಡು ಗಾರ್ಮೆಂಟ್ಸ್ ಗೇಟಿಂದ ಗೇಟಿಗೆ ತಿರುಗಿ ಅಂಗಡಿ ಕಟ್ಟಿದವನು ನಾನು. ಒಂದು ಗ್ರೋಸಿಗೆ ನೂರಾ ನಲವತ್ತನಾಲ್ಕು ಗುಂಡಿ. ಒಂದು ಕಮ್ಮಿಯಿದ್ದರೂ ಪೊಟ್ಟಣ ಕೈಯಲ್ಲಿ ತೂಗಿ ಹೇಳುತ್ತಿದ್ದೆ. ಅಂಥವನಿಗೆ ಟೈ ಕಟ್ಟಿದ ಷೋರೂಮಿನವರು ಏನು ಮಾಡಿಯಾರು ಎಂಬ ಕೊಬ್ಬಿತ್ತು.

ನಾಲ್ಕೇ ತಿಂಗಳಿಗೆ ಮಾಗಡಿ ರೋಡ್ ಸಿಗ್ನಲ್ಲಿನಲ್ಲಿ ಶುರುವಾಯಿತು. ಹಸಿರು ಬಿತ್ತು, ಆಕ್ಸಿಲರೇಟರ್ ಒತ್ತಿದೆ, ಗಾಡಿ ಯೋಚನೆ ಮಾಡುತ್ತಾ ನಿಂತಿತು. ಆಮೇಲೆ ಯಾರೋ ಹಿಂದಿನಿಂದ ಒದ್ದಂತೆ ಮುಂದಕ್ಕೆ ನೆಗೆಯಿತು. ನಿನ್ನನ್ನು ಕೂರಿಸಿಕೊಂಡು ಒಂದು ಸುತ್ತು ಬಂದಾಗ ನೀನು ಕಿಟಕಿ ಮುಚ್ಚಿ, ರೇಡಿಯೋ ಆರಿಸಿ, ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡೆ. "ಮಾತಾಡೋಕ್ ಮುಂಚೆ ಸುಳ್ಳುಗಾರ ಉಗುಳು ನುಂಗ್ತಾನಲ್ಲ, ಹಂಗೆ ನುಂಗ್ತೈತೆ ನೋಡಣ್ಣ" ಅಂದೆ. ಆ ಮಾತನ್ನು ಹಾಗೇ ಹೊತ್ತುಕೊಂಡು ಹೋಗಿ ವರ್ಕ್‌ಶಾಪಿನ ಸರ್ವಿಸ್ ಅಡ್ವೈಸರ್ ಮಧುಕುಮಾರನಿಗೆ ಹೇಳಿದೆ. ಅವನು ಕಂಪ್ಯೂಟರಿನಲ್ಲಿ ಏನೋ ಕುಟ್ಟಿ, "ನಮ್ ಸಿಸ್ಟಮ್ಮಲ್ಲಿ ಉಗುಳು ಅಂತ ಆಪ್ಷನ್ ಇಲ್ಲ ಸಾರ್" ಅಂದ. ಒಂದು ಸಲ ಸಾಫ್ಟ್‌ವೇರ್ ಹಳೆಯದು, ಒಂದು ಸಲ ನಾನು ಓಡಿಸುವ ರೀತಿ ಸರಿಯಿಲ್ಲ, ಒಂದು ಸಲ "ಅದು ಫೀಚರೇ ಹಂಗೆ ಸಾರ್, ಅಭ್ಯಾಸ ಆಗುತ್ತೆ." ಪ್ರತಿ ಸಲವೂ ಗಾಡಿಯನ್ನು ತೊಳೆದು ಕೊಡುತ್ತಿದ್ದರು. ತೊಳೆಯುವುದನ್ನು ಮಾತ್ರ ಚೆನ್ನಾಗಿ ಕಲಿತಿದ್ದರು.

ಹೋದ ವರ್ಷ ಜುಲೈನ ಆ ದಿನ ನಿನಗೆ ನೆನಪಿಸಬೇಕಾಗಿಲ್ಲ, ಆದರೂ ಬರೆಯುತ್ತೇನೆ. ನನ್ನ ಕೈಯಲ್ಲಿ ಒಮ್ಮೆ ಸುಳ್ಳಾಗಿ ಬರೆದದ್ದನ್ನು ಅದೇ ಕೈಯಲ್ಲಿ ನಿಜವಾಗಿ ಬರೆಯಬೇಕು. ಅವ್ವನನ್ನು ಕಣ್ಣಿನ ಆಪರೇಷನ್ನಿಗೆ ಕರೆದೊಯ್ಯುವಾಗ ಕಾರ್ಡ್ ರೋಡಿನಲ್ಲಿ ಗಾಡಿ ಸಂಪೂರ್ಣ ನಿಂತಿತು. ಹಿಂದೆ ಬಸ್ಸುಗಳ ಹಾರನ್ನು, ಒಳಗೆ ಬೆಳಗಿನಿಂದ ಉಪವಾಸವಿದ್ದ ಅವ್ವ. ಫೋನ್ ಮಾಡಿದ ಹದಿನೈದು ನಿಮಿಷಕ್ಕೆ ನೀನು ಸ್ಕೂಟರಿನಲ್ಲಿ ಬಂದೆ. ಯಾರೋ ಹಗ್ಗ ಕಟ್ಟಿ ಎಳೆಯೋಣ ಅಂದರೆ, "ಮುಟ್ಬೇಡಿ, ಈ ಗಾಡಿ ಕಟ್ಟಿ ಎಳೀಬಾರ್ದು, ಇರೋ ಗೇರ್‌ಬಾಕ್ಸೂ ಹೋಗುತ್ತೆ" ಎಂದು ಬೈದೆ. ಗೋಣಿ ಹಾಸಿ ಅಡಿಗೆ ತೂರಿ, ಟಾರ್ಚು ಹಿಡಿದು ನೋಡಿದೆ. ಎಣ್ಣೆ ಸೋರಿದ್ದ ಜಾಗವನ್ನು ಬಟ್ಟೆಯಲ್ಲಿ ಒರೆಸಿದೆ, ಮತ್ತೆ ಎಲ್ಲಿಂದ ತೊಟ್ಟಿಕ್ಕುತ್ತದೆ ನೋಡುವುದಕ್ಕೆ. ಅಷ್ಟೇ. ಒಂದು ನಟ್ಟನ್ನೂ ಬಿಚ್ಚಲಿಲ್ಲ, ಸ್ಪ್ಯಾನರ್ ಪೆಟ್ಟಿಗೆ ನಿನ್ನ ಸ್ಕೂಟರಿನ ಮೇಲೇ ಇತ್ತು. ಆಸ್ಪತ್ರೆಯ ಹೊತ್ತು ಮೀರಿದ್ದರಿಂದ ಅವ್ವನನ್ನು ಆಟೋ ಹತ್ತಿಸಿ ಮನೆಗೆ ಕಳಿಸಿ, ಷೋರೂಮಿನ ಗಾಡಿ ಬರುವವರೆಗೆ ಎರಡೂವರೆ ಗಂಟೆ ನನ್ನ ಜೊತೆ ಬಿಸಿಲಲ್ಲಿ ನಿಂತೆ. ಎಷ್ಟಾಯಿತೆಂದು ಕೇಳಿದ್ದಕ್ಕೆ ಯಾವತ್ತಿನ ಮಾತೇ ಅಂದೆ: "ನಾನೇನು ಹೊರಗಿನವ್ನಾ ಅಣ್ಣ?" ಎಳನೀರಿನವನಿಂದಲೂ ಚೀಟಿ ಕೇಳುವ ನಾನು ಇಪ್ಪತ್ತು ವರ್ಷದಲ್ಲಿ ನಿನ್ನಿಂದ ಒಂದು ಬಿಲ್ಲು ತೆಗೆದುಕೊಂಡಿಲ್ಲ. ಅಣ್ಣತಮ್ಮಂದಿರ ನಡುವೆ ಅದೇನು, ಎನ್ನುವುದು ನಮ್ಮ ಮನೆಯ ದೊಡ್ಡಸ್ತಿಕೆ.

ಆ ಇಲ್ಲದ ಬಿಲ್ಲಿಗೇ ಅವರು ಕೈ ಹಾಕಿದರು. ಮಧುಕುಮಾರ ಗಾಡಿಯನ್ನು ಮೇಲೆತ್ತಿಸಿ, ಧೂಳು ತುಂಬಿದ ಅಡಿಭಾಗದಲ್ಲಿ ನೀನು ಒರೆಸಿದ್ದ ಅಂಗೈಯಗಲದ ಶುದ್ಧ ಜಾಗವನ್ನು ತೋರಿಸಿದ. "ಹೊರಗಿನ ಮೆಕ್ಯಾನಿಕ್ ಕೈ ಹಾಕಿದಾರೆ ಸಾರ್, ವಾರಂಟಿ ಬರಲ್ಲ. ಏನು ಮಾಡಿದ್ರು ಅಂತ ಬಿಲ್ ಇದ್ರೆ ಕೊಡಿ" ಅಂದ. ಎಲ್ಲಿಂದ ಕೊಡಲಿ? ಹೊಸ ಗೇರ್‌ಬಾಕ್ಸಿಗೆ ಎರಡು ಲಕ್ಷ ಎಂಬತ್ತೆಂಟು ಸಾವಿರ ಅಂದರು. ಮೂರು ವಾರ ಓಡಾಡಿಸಿದರು, ಮ್ಯಾನೇಜರ್ ಮೀಟಿಂಗಿನಲ್ಲಿ, ಬಾಂಬೆಯಿಂದ ಅಪ್ರೂವಲ್ ಬರಬೇಕು. ಆಮೇಲೊಂದು ಮಧ್ಯಾಹ್ನ ಮಧುಕುಮಾರ ನನ್ನನ್ನು ಬದಿಗೆ ಕರೆದು, ಕಾಫಿ ಕೊಟ್ಟು, ದನಿ ಇಳಿಸಿ, "ಸಾರ್, ನೀವು ನಮ್ಮವರ ಥರ. ಹೊರಗಿನ ಮೆಕ್ಯಾನಿಕ್ ತಪ್ಪು ಎಣ್ಣೆ ಹಾಕಿದ್ರು, ವರ್ಕ್‌ಶಾಪಿಂದೇನೂ ತಪ್ಪಿಲ್ಲ ಅಂತ ಒಂದು ಲೆಟರ್ ಕೊಡಿ, ಅರ್ಧ ದುಡ್ಡು ಕಂಪನಿ ಕೈಲಿ ಬಿಡಿಸ್ತೀನಿ. ಹೆಸರು, ಗ್ಯಾರೇಜು ಹಾಕ್ಬಿಡಿ, ಸುಮ್ನೆ ಫಾರ್ಮಾಲಿಟಿ" ಅಂದ.

ಅವನು ನಮ್ಮವನ ಥರ ಆದ, ನೀನು ಹೊರಗಿನವನಾದೆ. ನನಗೆ ಅದು ಆಗಲೇ ಕಾಣಿಸಿತು ಭೈರೇಶ, ಕಾಣಿಸಲಿಲ್ಲ ಎಂದು ಬರೆದರೆ ಇನ್ನೊಂದು ಸುಳ್ಳಾಗುತ್ತದೆ. ಆದರೆ ಎರಡು ಎಂಬತ್ತೆಂಟರಲ್ಲಿ ಅರ್ಧ ಎಂದರೆ ಒಂದು ಲಕ್ಷದ ನಲವತ್ತನಾಲ್ಕು ಸಾವಿರ. ಸಾವಿರದ ಲೆಕ್ಕದಲ್ಲಿ ಸರಿಯಾಗಿ ಒಂದು ಗ್ರೋಸ್. ಬರೆದುಕೊಟ್ಟೆ. ನಿನ್ನ ಹೆಸರು, ಗ್ಯಾರೇಜಿನ ಹೆಸರು, ಕ್ರಾಸ್ ನಂಬರು, ತಾರೀಖು, ನನ್ನ ಸಹಿ. ಕಾಗದ ಅವರ ಫೈಲಿನಲ್ಲೇ ಕೊಳೆಯುತ್ತದೆ, ನಿನಗೆಲ್ಲಿ ತಿಳಿಯಬೇಕು ಎಂದುಕೊಂಡೆ.

ನೀನು ಅದೇ ಕಂಪನಿಗೆ ಚಿಕ್ಕ ಸರ್ವಿಸ್ ಪಾಯಿಂಟ್ ಮಾಡಲು ಅರ್ಜಿ ಹಾಕಿದ್ದು, ಗ್ಯಾರೇಜಿನ ನೆಲಕ್ಕೆ ಬಣ್ಣ ಹೊಡೆಸಿ, ಹೊಸ ಲಿಫ್ಟಿಗೆ ಅಡ್ವಾನ್ಸ್ ಕೊಟ್ಟಿದ್ದು ನನಗೆ ಗೊತ್ತಿತ್ತು. ಎರಡನ್ನೂ ಕೂಡಿಸಿ ನೋಡಲಿಲ್ಲ, ಅಷ್ಟೇ. ಕೂಡಿಸುವುದೇ ಕಸುಬಾದವನು ಅಲ್ಲಿ ಮಾತ್ರ ಕೂಡಿಸಲಿಲ್ಲ. ಪರೀಕ್ಷೆಗೆ ಬಂದ ಕಂಪನಿಯವರು ನನ್ನ ಕಾಗದದ ನಕಲನ್ನು ನಿನ್ನ ಮುಂದಿಟ್ಟು ಅರ್ಜಿ ತಳ್ಳಿಹಾಕಿದ ದಿನ ನೀನು ಅಂಗಡಿಗೆ ಬಂದೆ. ಕೌಂಟರಿನ ಆಚೆ, ಗಿರಾಕಿಗಳು ನಿಲ್ಲುವ ಕಡೆ ನಿಂತೆ. ನಾನು ಗುಂಡಿ ಎಣಿಸುತ್ತಿದ್ದೆ. "ನಾನೇನು ಹೊರಗಿನವ್ನಾ ಅಣ್ಣ?" ಅಂದೆ. ಇಪ್ಪತ್ತು ವರ್ಷ ಕೇಳಿದ ಮಾತು, ಆವತ್ತು ಮೊದಲ ಸಲ ಅದು ಪ್ರಶ್ನೆಯಾಗಿತ್ತು. ನಾನು ತಲೆ ಎತ್ತಲಿಲ್ಲ. ಎಣಿಕೆ ತಪ್ಪುತ್ತದೆ ಎಂಬಂತೆ ಬೆರಳಾಡಿಸುತ್ತಲೇ ಇದ್ದೆ. ತಲೆ ಎತ್ತಿದಾಗ ನೀನು ಹೋಗಿದ್ದೆ. ಎಷ್ಟಕ್ಕೆ ನಿಲ್ಲಿಸಿದ್ದೆನೋ ಅದೂ ಮರೆತಿತ್ತು. ಲಿಫ್ಟಿನ ಅಡ್ವಾನ್ಸೂ ಮುಳುಗಿ ಡಿಸೆಂಬರಿಗೆ ನಿನ್ನ ಷಟರ್ ಇಳಿಯಿತು. ಈಗ ಅಲ್ಲಿ ಯಾರೋ ಪ್ಲಾಸ್ಟಿಕ್ ಕುರ್ಚಿ ಮಾರುತ್ತಾರೆ, ನೀನು ಹೊಡೆಸಿದ ಹಸಿರು ನೆಲ ಹಾಗೇ ಇದೆ.

ಹೊಸ ಗೇರ್‌ಬಾಕ್ಸು ಐದು ತಿಂಗಳು ಬಾಳಿತು. ಫೆಬ್ರವರಿಯಲ್ಲಿ ಮತ್ತೆ ಉಗುಳು ನುಂಗಿತು. ಹೋದರೆ ಮಧುಕುಮಾರ ಇರಲಿಲ್ಲ, ಪ್ರಮೋಷನ್ ಆಗಿ ಬೇರೆ ಬ್ರಾಂಚಿಗೆ ಹೋಗಿದ್ದ. ಅವನ ಜಾಗದಲ್ಲಿ ಕೂತಿದ್ದವನು ಫೈಲು ತೆಗೆದು, "ಈ ಗಾಡಿಗೆ ಹೊರಗಿನವರು ಕೈ ಹಾಕಿದ್ರು ಅಂತ ನೀವೇ ಬರ್ಕೊಟ್ಟಿದೀರಲ್ಲ ಸಾರ್" ಎಂದು ನನ್ನ ಕೈಬರಹವನ್ನೇ ನನಗೆ ಓದಿಸಿದ. ಗ್ರಾಹಕರ ಆಯೋಗದಲ್ಲಿ ದೂರು ಹಾಕಿದೆ. ಅಲ್ಲಿಯೂ ಅವರು ಮೊದಲು ತೆಗೆದಿಟ್ಟದ್ದು ಅದೇ ಹಾಳೆ. ಈಗ ಗಾಡಿ ನಮ್ಮ ಗೇಟಿನ ಮುಂದೆ ಹೊದಿಕೆ ಹೊದ್ದು ನಿಂತಿದೆ. ಈ ಸಲ ಆಯುಧಪೂಜೆಗೆ ಕೀರ್ತನಾ, "ಅಪ್ಪ, ಚಕ್ರಕ್ಕೆ ನಿಂಬೆಹಣ್ಣು ಇಡೋದು ಚಿಕ್ಕಪ್ಪ ಅಲ್ವಾ?" ಅಂದಳು. ಸ್ಕೂಟರಿಗಷ್ಟೇ ಪೂಜೆ ಮಾಡಿದೆವು.

ಅವ್ವನ ಎರಡೂ ಕಣ್ಣಿನ ಆಪರೇಷನ್ ಆಗಿದೆ. ಈಗ ಬಾಗಿಲಲ್ಲಿ ಕೂತೇ ಬಸ್ಸಿನ ನಂಬರು ಓದುತ್ತಾಳೆ. ನಿನಗೆ ಹೊಸಪೇಟೆಯಲ್ಲಿ ದೊಡ್ಡ ಕೆಲಸ ಸಿಕ್ಕಿತು, ಅದಕ್ಕೆ ಹೋದೆ ಎಂದು ಅವಳಿಗೆ ಹೇಳಿದ್ದೆ. ನೀನೂ ಫೋನಿನಲ್ಲಿ ಅವಳಿಗೆ ಹಾಗೇ ಹೇಳುತ್ತಾ ಬಂದೆಯಂತೆ. ನನ್ನ ಸುಳ್ಳನ್ನು ನೀನು ಕಾಪಾಡಿದೆ. ಶುಕ್ರವಾರ ಸಂಜೆ ಅವಳ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ಬಯ್ಯುತ್ತಾಳೆ ಎಂದುಕೊಂಡಿದ್ದೆ. "ಒಂದ್ ಗುಂಡಿ ಕಮ್ಮಿ ಬಂದ್ರೆ ವಾಪಸ್ ಹೋಗಿ ಜಗಳ ಆಡ್ತಿದ್ದಲ್ಲೋ ನೀನು" ಅಂದಳು. ಎದ್ದು ಒಳಗೆ ಹೋದಳು. ಮೂರು ದಿನದಿಂದ ನನಗೆ ಊಟ ಬಡಿಸುತ್ತಾಳೆ, ಮಾತಾಡುವುದಿಲ್ಲ.

ಹೆಚ್ಚಿಗೆ ಬರೆಯಲು ಕೈ ಬರುತ್ತಿಲ್ಲ. ಕವನಾಳಿಗೆ ನನ್ನ ನೆನಪು ಹೇಳಲು ಅಧಿಕಾರವಿಲ್ಲ, ನಿನ್ನ ಅತ್ತಿಗೆಯ ಪರವಾಗಿ ಹೇಳು. ಇಲ್ಲಿಯವರೆಗೆ ಓದಿದ್ದೀಯ ಎಂದುಕೊಂಡು ಹೇಳುತ್ತೇನೆ: ನೂರು ವರ್ಷ ಬಾಳು, ನಿನ್ನ ಕೈಯ ಗುಣ ನಿನ್ನನ್ನು ಕಾಪಾಡಲಿ.

ಇಂತಿ ನಿನ್ನ ಅಣ್ಣ,
ಮಹದೇವ

ವಿ.ಸೂ.: ಕೀರ್ತನಾ ಸ್ಪೀಡ್ ಪೋಸ್ಟ್ ಮಾಡಲು ಚಪ್ಪಲಿ ಮೆಟ್ಟಿ ನಿಂತಿದ್ದಾಳೆ, ಆದ್ದರಿಂದ ಬೇಗ ಬರೆಯುತ್ತೇನೆ. ಶುಕ್ರವಾರ ಬೆಳಗ್ಗೆ ಆಯೋಗದಲ್ಲಿ ಅಫಿಡವಿಟ್ ಕೊಟ್ಟೆ. ಭೈರೇಶ ಗೇರ್‌ಬಾಕ್ಸ್ ಮುಟ್ಟಿರಲಿಲ್ಲ, ಎಣ್ಣೆ ಹಾಕಿರಲಿಲ್ಲ, ನಾನು ಗೊತ್ತಿದ್ದೇ ದುಡ್ಡಿಗಾಗಿ ಸುಳ್ಳು ಬರೆದೆ ಎಂದು. "ಇದು ಕೊಟ್ರೆ ನಿಮ್ಮ ಉಳಿದ ಮಾತೂ ನಂಬಲ್ಲ ಸಾರ್, ಕೇಸು ಹೋಗುತ್ತೆ" ಎಂದು ವಕೀಲರು ತಡೆದರು. ಹೋಗಲಿ. ಒಂದು ಲಕ್ಷದ ನಲವತ್ತನಾಲ್ಕು ಸಾವಿರದ ಡಿಡಿ ಷೋರೂಮಿಗೆ ವಾಪಸ್ ಕಳಿಸಿದೆ. ನಿನ್ನ ಅರ್ಜಿ ತಳ್ಳಿದ ಆಫೀಸಿಗೆ ಅಫಿಡವಿಟ್ಟಿನ ನಕಲು ಹೋಗಿದೆ, ಒಂದು ಇದರ ಜೊತೆಗಿದೆ. ಎಲ್ಲಿ ಬೇಕಾದರೂ ತೋರಿಸು. ನೀನು ಸಾಕ್ಷಿಗೆ ಬರಬೇಕಾಗಿಲ್ಲ. ಒಂದೇ ಕೋರಿಕೆ: ಆವತ್ತಿನ ಬಿಲ್ಲು. ಎರಡೂವರೆ ಗಂಟೆ ಬಿಸಿಲು, ಗೋಣಿ, ಒರೆಸಿದ ಬಟ್ಟೆ, ಎಲ್ಲ ಹಾಕಿ ಕಳಿಸು. ಬಿಲ್ಲು ಬಂದರೆ ಪೈಸೆ ಬಿಡದೆ ಕಟ್ಟುತ್ತೇನೆ, ನನ್ನನ್ನು ಹೊರಗಿನವರ ಲೆಕ್ಕಕ್ಕೆ ಬರೆದೆ ಎಂದು ತಿಳಿದು ಮತ್ತೆ ತೊಂದರೆ ಕೊಡುವುದಿಲ್ಲ. ಸಂಕ್ರಾಂತಿವರೆಗೆ ಬಿಲ್ಲು ಬರದಿದ್ದರೆ ಅವ್ವನನ್ನು ಕರೆದುಕೊಂಡು ಹೊಸಪೇಟೆಯ ರೈಲು ಹತ್ತುತ್ತೇನೆ.

ಯಾರಿಗೆ ಏನು ಸಿಕ್ಕಿತು ಎಂದು ಕೂಡಿಸಿ ಮುಗಿಸುತ್ತೇನೆ. ಷೋರೂಮಿಗೆ ಹದಿಮೂರು ಲಕ್ಷ, ಗೇರ್‌ಬಾಕ್ಸಿನ ದುಡ್ಡು ಬೇರೆ. ಮಧುಕುಮಾರನಿಗೆ ಪ್ರಮೋಷನ್. ವಕೀಲರಿಗೆ ಮೂವತ್ತು ಸಾವಿರ. ಅವ್ವನಿಗೆ ಕಣ್ಣು. ಹೊಸಪೇಟೆಯ ಲಾರಿಗಳಿಗೆ ಒಬ್ಬ ಒಳ್ಳೆಯ ಮೆಕ್ಯಾನಿಕ್. ನನಗೆ ಗೇಟಿನ ಮುಂದೆ ನಿಂತ ಗಾಡಿ. ನಿನಗೆ ಈ ಕಾಗದ.