ಕೀಲಿಕೈ ನನ್ನ ಸೊಂಟದಲ್ಲಿದೆ

ಮಾರ್ಚ್ ೧೪, ಮಂಗಳವಾರ

ಪ್ರೀತಿಯ ಮೈಕಿಗೆ,

ಈ ಮೂಲಕ ಸಮಸ್ತ ಜಗತ್ತಿಗೆ ತಿಳಿಯಪಡಿಸುವುದೇನೆಂದರೆ, ನಮ್ಮ ಹಿತ್ತಲಿನ ಶೌಚಾಲಯದ ಬೀಗಕ್ಕೆ ಇಂದು ಬೆಳಿಗ್ಗೆ ಎಣ್ಣೆ ಹಾಕಲಾಗಿದೆ. ಪಕ್ಕದ ಮನೆಯ ದರ್ಜಿ ತನ್ನ ಹೊಲಿಗೆ ಯಂತ್ರದ ಎಣ್ಣೆಯನ್ನೇ ಧಾರೆ ಎರೆದ. ಒಂದು ಭಾಷಣವನ್ನೂ ಶುರು ಮಾಡಿದ. ಅವನ ಹೆಂಡತಿ ನಿಲ್ಲಿಸಿದಳು. ಬೀಗ ಈಗ ಮುಟ್ಟಿದರೆ ಸಾಕು, ತೆರೆದುಕೊಳ್ಳುತ್ತದೆ. ಆದರೆ ಮುಟ್ಟುವವರಿಲ್ಲ. ಕೀಲಿಕೈ ನನ್ನ ಸೊಂಟದಲ್ಲಿದೆ.

ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಬುಟ್ಟಿಗೆ ಬೆತ್ತ ನೆನೆಸಿಟ್ಟಿದ್ದೆ, ನೆನೆದ ಬೆತ್ತ ಯಾರ ಕಾಗದಕ್ಕೂ ಕಾಯುವುದಿಲ್ಲ. ಜೊತೆಗೆ ಸಿಟ್ಟೂ ಇತ್ತು. ಸಿಟ್ಟಿನಲ್ಲಿ ಬರೆದರೆ ನನ್ನ ಅಕ್ಷರ ನಿನ್ನಪ್ಪನ ಅಕ್ಷರದ ಹಾಗೆ ಕಾಣುತ್ತದೆ. ಆ ಅವಮಾನ ಈ ವಯಸ್ಸಿನಲ್ಲಿ ಬೇಡ ಅನ್ನಿಸಿತು.

'ಅಮ್ಮಾ, ಬೀಗ ತೆಗಿ. ಇಲ್ದಿದ್ರೆ ನಮ್ಮ ಟೂರ್ ಕಂಪನಿಯವರು ನಿಮ್ಮ ಬೀದೀನೇ ಕೈಬಿಡ್ತಾರೆ, ನನ್ನ ಕೆಲಸಾನೂ ಹೋಗುತ್ತೆ' ಎಂದು ಬರೆದಿದ್ದೀಯ. ಚಿಕ್ಕವಳಿದ್ದಾಗ ಸೌಟನ್ನೇ ಮೈಕು ಮಾಡಿಕೊಂಡು ಬೆಕ್ಕಿಗೆ ಭಾಷಣ ಬಿಗಿಯುತ್ತಿದ್ದವಳು ನೀನು. ಪ್ರವಾಸಿ ಬಸ್ಸಿನಲ್ಲಿ ನಿಜವಾದ ಮೈಕು ಕೈಗೆ ಬಂದ ದಿನ ಇಡೀ ಬೀದಿಗೆ ಸುದ್ದಿ ಹಂಚಿದವಳು ನಾನೇ. ಆ ಕೆಲಸ ಹೋಗಲಿ ಎಂದು ಯಾವ ತಾಯಿ ಬಯಸುತ್ತಾಳೆ? ಆದರೂ ಬೀಗ ತೆಗೆಯುವುದಿಲ್ಲ. ಯಾಕೆಂದು ಕೇಳು.

ನಿಮ್ಮ ಬಸ್ಸು ಬಂದರೆ ಬಸ್ಸಿಗೆ ಬಸ್ಸೇ ನಮ್ಮ ಹಿತ್ತಲಿಗೆ ನುಗ್ಗುತ್ತದೆ. ಬೀದಿಗೆಲ್ಲ ಇರುವುದೊಂದೇ ಟ್ಯಾಂಕು, ಅದರ ನೀರೆಲ್ಲ ಖಾಲಿ. ಮಧ್ಯಾಹ್ನ ಕೊಡ ಹೊತ್ತು ಕೆರೆಗಿಳಿಯುವವರು ನಾವು. ಬಂದವರು ಬುಟ್ಟಿ ಹೆಣೆಯುವ ನನ್ನ ಕೈಯ ಫೋಟೋ ತೆಗೆಯುತ್ತಾರೆ. ಯಾರಾದರೂ ಪಾಪ, 'ಈ ಬುಟ್ಟಿ ಕೊಡ್ತೀರಾ?' ಎಂದು ಬಾಯಿ ತೆರೆದರೆ ನಿನ್ನ ಮೈಕು ಕೂಗುತ್ತದೆ: 'ಬುಟ್ಟಿ ನಮ್ಮ ಕಂಪನಿ ಅಂಗಡೀಲಿ ಸಿಗುತ್ತೆ, ಎಲ್ಲರೂ ಬಸ್ ಹತ್ತಿ.' ಆ ಬುಟ್ಟಿಗಳನ್ನು ನೋಡಿದ್ದೇನೆ ಮಗಳೇ. ಬೆತ್ತವನ್ನು ದೂರದಿಂದಲೂ ಕಂಡಿರದ ಯಂತ್ರ ಮಾಡಿದ್ದು. ನಮ್ಮ ಪಾಲಿಗೆ ಉಳಿಯುವುದು ಬಸ್ಸಿನ ಹೊಗೆ, ಮತ್ತು ನಾನು ತೊಳೆಯಬೇಕಾದದ್ದು. ಅದನ್ನು ವರ್ಣಿಸಲಾರೆ.

ಆದ್ದರಿಂದ ಬೀದಿಯವರೆಲ್ಲ ದರ್ಜಿಯ ಅಂಗಡಿಯಲ್ಲಿ ಕೂತು ಕಾನೂನು ಮಾಡಿದೆವು: ಇಲ್ಲಿ ರಾತ್ರಿ ಉಳಿದು, ಇಲ್ಲಿಯ ಅಡುಗೆ ಉಂಡು, ಇಲ್ಲಿಯ ಜನರ ಜೊತೆ ನಾಲ್ಕು ಮಾತಾಡುವವರಿಗೆ ಮಾತ್ರ ಕೀಲಿಕೈ.

ನಿಮ್ಮ ಮ್ಯಾನೇಜರು ಕಳೆದ ವಾರ ಕಾರಿನಲ್ಲಿ ದಯಮಾಡಿಸಿದ್ದರು.

"ನೋಡಮ್ಮಾ, ಬಸ್ಸಲ್ಲಿ ಜನ ಒದ್ದಾಡ್ತಿದ್ದಾರೆ."

"ಇಳಿದು ಉಳ್ಕೊಳ್ಳಲಿ, ಕೀಲಿಕೈ ಕೊಡ್ತೀನಿ."

"ಉಳಿಯೋಕೆ ನಮ್ಮದೇ ಹೋಟೆಲ್ ಇದೆಯಲ್ಲ."

"ಹಾಗಾದ್ರೆ ಅಲ್ಲಿವರೆಗೂ ತಡ್ಕೊಳ್ಳಲಿ."

"ನಿಮ್ಮಿಂದ ಊರಿನ ಹೆಸರು ಕೆಡುತ್ತೆ" ಎಂದರು.

ದರ್ಜಿ ಬಾಯಲ್ಲಿದ್ದ ಸೂಜಿ ತೆಗೆದು, "ಕೆಡಲಿ ಬಿಡಿ ಸಾರ್, ಟ್ಯಾಂಕು ತುಂಬಿದೆ" ಎಂದ.

ಮ್ಯಾನೇಜರು ಸ್ವಲ್ಪ ಹೊತ್ತು ಆ ಕಾಲಿನಿಂದ ಈ ಕಾಲಿಗೆ ಭಾರ ಬದಲಿಸುತ್ತ ನಿಂತರು. ಆಮೇಲೆ ದನಿ ತಗ್ಗಿಸಿ, "ನನಗೊಬ್ಬನಿಗೆ ಮಾತ್ರ..." ಎಂದರು. ದರ್ಜಿಯ ಮಹಡಿಯ ಕೋಣೆ ಖಾಲಿ ಇದೆ, ಹಾಸಿಗೆ ಹಾಸಿಸಲೇ ಎಂದು ವಿನಯದಿಂದ ಕೇಳಿದೆ. ಕಾರು ಹೋದ ವೇಗಕ್ಕೆ ಬೀದಿಯ ಕೋಳಿಗಳು ಇನ್ನೂ ಚೇತರಿಸಿಕೊಂಡಿಲ್ಲ.

ನಗಬೇಡ, ಮುಂದಿನದು ಕೇಳು. ಹೋದ ಶುಕ್ರವಾರ, ನೀನಿಲ್ಲದ ದಿನ, ನಿಮ್ಮ ಬಸ್ಸಿನಿಂದ ಒಬ್ಬ ಟೀಚರಮ್ಮ ಚೀಲ ಸಮೇತ ಇಳಿದೇಬಿಟ್ಟರು. ದರ್ಜಿಯ ಮಹಡಿಯಲ್ಲಿ ಉಳಿದರು, ಅವನ ಹೆಂಡತಿಯ ಕೈ ಅಡುಗೆ ಉಂಡರು, ನನ್ನ ಪಕ್ಕ ಕೂತು ಒಂದು ಬುಟ್ಟಿ ಹೆಣೆದರು. ಅದನ್ನು ಬುಟ್ಟಿ ಎಂದು ನಾನು ಒಪ್ಪಿದ್ದು ದಾಕ್ಷಿಣ್ಯಕ್ಕೆ. ನನ್ನವು ಎರಡು ಕೊಂಡು, ಎಲ್ಲರೂ ಹತ್ತುವ ಸಾದಾ ಬಸ್ಸು ಹತ್ತಿ ಹೋದರು. ಈಗ ಅವರ ಗೆಳತಿಯರು ಬರುತ್ತಾರಂತೆ.

ತೊಂದರೆ ಒಂದೇ. ಆ ಟೀಚರಮ್ಮನಿಗೆ ಕೆರೆಯ ಸುತ್ತ ತೋರಿಸಿಕೊಂಡು ಬಾ ಎಂದು ದರ್ಜಿಯನ್ನು ಕಳಿಸಿದ್ದೆವು. ಕೆರೆಯಲ್ಲಿ ಮೊಸಳೆ ಇತ್ತಂತೆ, ಇವನೇ ಕತ್ತರಿ ತೋರಿಸಿ ಓಡಿಸಿದನಂತೆ. ನಮಗೆ ನಿಜ ಹೇಳುವ, ದನಿ ಇರುವ ಒಬ್ಬರು ಬೇಕು. ಬೀದಿಯವರು ನಿನ್ನನ್ನು ಕೇಳಲು ಹೇಳಿದ್ದಾರೆ. ಕಂಪನಿಯ ಹಾಗೆ ಸಮವಸ್ತ್ರ ಇರುವುದಿಲ್ಲ; ದರ್ಜಿ ಹೊಲಿದು ಕೊಡುತ್ತೇನೆ ಎನ್ನುತ್ತಾನೆ, ಒಪ್ಪಬೇಡ.

ಕೆಲಸ ಇರಲಿ, ಹೋಗಲಿ, ನಿನ್ನ ದನಿ ಯಾರ ಮುಂದೆಯೂ ಕುಗ್ಗದಿರಲಿ. ಹೊತ್ತಿಗೆ ಸರಿಯಾಗಿ ಉಣ್ಣು. ಚೆನ್ನಾಗಿರು.

ಇಂತಿ ನಿನ್ನ,
ಅಮ್ಮ

ಮರೆತ ಮಾತು: ನೀನು ಕೊನೆಯ ಸಲ ಬಂದಾಗ, ಅಷ್ಟೂ ಜನರ ಮುಂದೆ ಮೈಕಿನಲ್ಲಿ ನನ್ನನ್ನು ತೋರಿಸಿ, 'ಇವರು ಬುಟ್ಟಿ ಹೆಣೆಯುವ ಒಬ್ಬ ಸ್ಥಳೀಯ ಮಹಿಳೆ' ಎಂದೆ. ನಾನು ಕೈ ಮುಗಿದೆ. ಯಾರೋ ಒಬ್ಬಾಕೆ, "ಮಕ್ಕಳಿದ್ದಾರಾ ನಿಮಗೆ?" ಎಂದು ಕೇಳಿದರು. ನೀನು ಬಸ್ಸಿನ ಬಾಗಿಲಲ್ಲಿ ತಲೆ ಎಣಿಸುತ್ತಿದ್ದೆ. "ಒಬ್ಬಳಿದ್ದಾಳೆ, ಊರೂರು ಸುತ್ತೋ ಕೆಲಸ" ಎಂದೆ ನಾನು. ಬೀಗ ತಂದದ್ದು ಮಾರನೆಯ ದಿನ. ನೀರಿನ ಕಾರಣವೂ ನಿಜವೇ, ಸುಳ್ಳಲ್ಲ.

ಕಾನೂನು ಎಲ್ಲರಿಗೂ ಒಂದೇ. ನಿನಗೂ ಕೀಲಿಕೈ ಸಿಗುವುದು ಒಂದು ರಾತ್ರಿ ಇಲ್ಲಿ ಉಳಿದರೆ ಮಾತ್ರ. ಬರುವಾಗ ನಲ್ಲಿಗೆ ಒಂದು ರಬ್ಬರ್ ವಾಷರ್ ತಾ, ಅರ್ಧ ಇಂಚಿನದು. ಇಲ್ಲಿ ಸಿಗುವುದು ಸೋರುತ್ತದೆ.