ಅಲ್ಲಾಡೂ ದೋಣಿ ಬೇಕಂತ

ಸೂಡಿ
೩೦ ಅಕ್ಟೋಬರ್ ೨೦೨೫, ಗುರುವಾರ

ಮೆಣಸಗಿಯ ಹೊಳಿದಂಡಿಯೊಳಗಿರೋ ರೇಷ್ಮಾನ ಅಪ್ಪಾರಿಗೆ ನಿಮ್ಮ ಲಕ್ಷ್ಮೀ ಬರಿಯೂದು ಏನಂದ್ರ,

‘ನಿಮ್ಮ’ ಅಂತ ಬರದು ಒಮ್ಮೆ ಹೊಡದು ಹಾಕಿದೆ, ಮತ್ತ ಬರದೆ. ಕಾಗದ ಅಷ್ಟು ಹೊಲಸಾತು, ಇರ್ಲಿ. ಫೋನ್ ಯಾಕ ಹಚ್ಚಲಿಲ್ಲ ಅಂತ ಕೇಳಬ್ಯಾಡ್ರಿ. ನಾ ಮಕ್ಕಳನ್ನ ಕಟಗೊಂಡು ತವರುಮನಿಗೆ ಬಂದು ಹದಿನಾಲ್ಕು ತಿಂಗಳಾತು. ಇಷ್ಟರಾಗ ಎಂಟು ಸಲ ಫೋನಿನಾಗ ಮಾತಾಡೀವಿ, ಎಂಟೂ ಸಲ ಮೂರನೇ ಮಾತಿಗೆ ಜಗಳ ಆಗೇತಿ. ಕಾಗದದಾಗ ನೀವು ನಡುವ ಬಾಯಿ ಹಾಕೂ ಹಂಗಿಲ್ಲ. ಅದಕ್ಕ ಬರಿಯಾಕ ಕುಂತೀನಿ.

ವಿಷಯ ಮಕ್ಕಳದು. ರೇಷ್ಮಾ, ರಾಯಣ್ಣ ಇಬ್ಬರೂ ಸೇರಿ ನನ್ನ ತಲಿ ತಿನ್ನಾಕತ್ತು ಭಾಳ ದಿನಾತು. ಅಪ್ಪನ ಕೂಡ ಹರಗೋಲಿನಾಗ ಕುಂತು ನಡುಗಡ್ಡಿಗೆ ಹೋಗಬೇಕಂತ, ಗಾಳ ಹಾಕಿ ಮೀನ ಹಿಡೀಬೇಕಂತ, ಅಲ್ಲೇ ಮೂರು ಕಲ್ಲು ಇಟ್ಟು ಒಲಿ ಹೂಡಿ ಸುಟ್ಟು ತಿನ್ನಬೇಕಂತ. ಹನ್ನೊಂದು ವರ್ಷದ ನಿಮ್ಮ ಮಗಳು ನೋಟಬುಕ್ಕಿನ ನಡುವಿನ ಹಾಳಿ ಹರದು ಹೊಳಿ ನಕಾಶಿ ಬರದಾಳ. ನಡುಗಡ್ಡಿ, ಜಾಲಿ ಗಿಡ, ಒಲಿ, ಹಾಸಿಗಿ ಎಲ್ಲಾ ಅದಾವ ಅದರಾಗ. ಎಂಟು ವರ್ಷದ ಮಗ ಅದೇ ನಕಾಶಿಯೊಳಗ ಒಂದು ಮೊಸಳಿ ಬರದು, ಅದರ ಹೊಟ್ಟಿ ಮ್ಯಾಲ ಮಾಳಪ್ಪ ಮಾಮಾ ಅಂತ ಹೆಸರು ಹಾಕ್ಯಾನ. ನಮ್ಮ ತಮ್ಮ ಅದನ್ನ ನೋಡಿ ಎರಡು ದಿನ ಅವನ ಕೂಡ ಮಾತು ಬಿಟ್ಟಿದ್ದ.

ಚಟ್ಟಿ ಅಮಾಸಿ ಆದ ಮರುದಿನ ಎರಡೂ ಕಡೆ ಹಿರಿಯರು ರೋಣದಾಗ ಕೂಡಿ ನಮ್ಮದು ಇತ್ತಗೋ ಅತ್ತಗೋ ಒಂದು ಮಾಡ್ತಾರ, ನಿಮಗೂ ಗೊತ್ತೈತಿ. ಸೋಡಚೀಟಿ ಬರಕೊಂಡು ಗಂಡ ಹೆಂಡತಿ ಬ್ಯಾರೆ ಆಗಲಿ ಅನ್ನೂ ಮಾತು ನಿಮ್ಮ ಕಾಕಾನ ಬಾಯಾಗ ಬಂದೈತಿ, ನಮ್ಮ ದೊಡ್ಡಪ್ಪನ ಬಾಯಾಗೂ ಬಂದೈತಿ. ನನ್ನ ಬಾಯಾಗ ಇನ್ನೂ ಬಂದಿಲ್ಲ. ಅವರು ಕೂಡೂಕಿಂತ ಮೊದಲ ನೀವೂ ಮಕ್ಕಳೂ ಹೊಳಿ ಮ್ಯಾಲ ಎರಡು ದಿನ ಹ್ಯಾಂಗ ಕಳೀತೀರಿ ಅನ್ನೂದು ನಾ ನೋಡಬೇಕು. ಚಲೋ ಹೋದ್ರ ನಾ ಹಿರಿಯರ ಮುಂದ ಹೇಳೂ ಮಾತು ಒಂದು, ಕೆಟ್ಟು ಹೋದ್ರ ಇನ್ನೊಂದು. ಇದನ್ನ ಮುಚ್ಚಿಡೂದು ಬ್ಯಾಡ ಅಂತ ಮೊದಲಿಗೇ ಬರದೀನಿ.

ನಿಮ್ಮನ್ನ ಕೇಳೂದು ಯಾಕ ಅಂತ ನಾನ ಇಲ್ಲೇ ಏನಾರ ಮಾಡಾಕ ನೋಡಿದೆ, ಅದನ್ನೂ ಹೇಳಿಬಿಡ್ತೀನಿ. ಮಾಳಪ್ಪಗ ಹೇಳಿದೆ, ಹುಡುಗರ ಸಲುವಾಗಿ ಒಂದು ದೋಣಿ ತಯಾರ ಮಾಡಪಾ, ಇಬ್ಬರು ಕೂಡ್ರುವಂಗ ಇರಬೇಕು, ಸೋರಬಾರದು, ಮೀನ ಹಿಡೀತಾವಂತ ಅಂದೆ. ಆತಕ್ಕಾ ಅಂದ. ಗಜೇಂದ್ರಗಡದ ಕಡೆ ಯಾರದಾರ ಹರಗೋಲ ಕೇಳಿ ಇಡ್ತಾನ ಅಂತ ನಾ ತಿಳಕೊಂಡೆ. ಎರಡು ದಿನ ಬಿಟ್ಟು, ಮಕ್ಕಳನ್ನ ಕರಕೊಂಡು ಹೊಲಕ್ಕ ಬಾ ಅಂದ. ಹೋಗಿ ನೋಡಿದ್ರ, ಬಾವಿ ಕಡೆ ನಮ್ಮ ಎಮ್ಮಿ ನೀರು ಕುಡಿಯೋ ಕಲ್ಲಿನ ದ್ವಾಣಿ ತಿಕ್ಕಿ ತಿಕ್ಕಿ ತೊಳದಾನ, ಹೊರಗ ಸುಣ್ಣ ಬಳದಾನ, ಅರ್ಧ ನೀರು ಬಿಟ್ಟಾನ, ಎಲ್ಲಿಂದಲೋ ಜೀವಂತ ತಂದ ಆರು ಮೀನ ಅದರಾಗ ಬಿಟ್ಟಾನ, ಬಾಜೂಕ ಮೀಸಿ ತಿರುವಿಕೊಂತ ನಿಂತಾನ.

ಅವನ ತಪ್ಪೇನಿಲ್ಲ. ಸಾಲಿ ಪುಸ್ತಕದಾಗ ದೋಣಿ ಅಂದ್ರ ನೀರಿನ ಮ್ಯಾಲ ಹೋಗೂದು. ನಮ್ಮ ಸೀಮಿಯೊಳಗ ದೋಣಿ ಅಂದ್ರೂ ದ್ವಾಣಿ ಅಂದ್ರೂ ದನ ನೀರು ಕುಡಿಯೂದು ಒಂದ. ನಾ ಹೇಳಿದ್ದೆಲ್ಲಾ ಅದಕ್ಕ ಸರಿಯಾಗಿ ಕುಂತಿತ್ತು ನೋಡ್ರಿ, ಇಬ್ಬರು ಕೂಡ್ರುವಂಗೈತಿ, ಸೋರೂದಿಲ್ಲ, ಮೀನೂ ಅದಾವ. ರಾಯಣ್ಣ ಅಂಗಿ ಬಿಚ್ಚಿ ಒಗದು ಅದರಾಗ ಇಳದು ಕುಂತ. ರೇಷ್ಮಾ ತೊಗರಿ ಕಟಗಿಗೆ ದಾರ ಕಟ್ಟಿ ಗಾಳ ಬಿಟ್ಟಳು. ಅಷ್ಟರಾಗ ಎಮ್ಮಿ ಬಂತು. ತನ್ನ ದ್ವಾಣಿಯೊಳಗ ಯಾರೋ ಕುಂತಾರ ಅಂತ ಅದು ಯಾಕ ವಿಚಾರ ಮಾಡತೈತಿ, ಎಂದಿನಂಗ ಬಾಯಿ ಹಾಕಿ ನೀರೆಲ್ಲಾ ಹೀರಿಕೊಂಡು ಹೋತು. ನೀರು ಕಡಿಮಿ ಆದಂಗ ಮೀನ ಜಾಗ ಸಾಲದ ರಾಯಣ್ಣನ ಚಡ್ಡಿಯೊಳಗ ಹೊಕ್ಕವು. ಅವ ಹೊರಗ ಹಾರಿ ಕುಣಿಯೂದು, ಮಾಳಪ್ಪ ಅವನ ಹಿಂದ ಬುಟ್ಟಿ ಹಿಡಕೊಂಡು ಓಡೂದು. ನಕ್ಕು ನಕ್ಕು ನನಗ ನಿಂದ್ರಾಕ ಆಗಲಿಲ್ಲ, ಬಾವಿ ಕಟ್ಟಿ ಮ್ಯಾಲ ಕುಂತೆ. ಈ ಹದಿನಾಲ್ಕು ತಿಂಗಳಾಗ ನಾ ಹಂಗ ನಕ್ಕಿದ್ದು ಅವತ್ತೊಂದ ದಿನ.

ನಗಿ ನಿಂತ ಮ್ಯಾಲೆ ಮತ್ತ ನೀರು ತುಂಬಿಸಿದ್ವಿ. ರಾಯಣ್ಣ ಮತ್ತ ಇಳದು ಕುಂತು, ಸ್ವಲ್ಪ ಹೊತ್ತು ಆ ಕಡೆ ಈ ಕಡೆ ಮೈ ತೂಗಿ ನೋಡಿದ. ಆಮ್ಯಾಲೆ ಸಣ್ಣ ಮಾರಿ ಮಾಡಿಕೊಂಡು, ಅವ್ವಾ ಇದು ಅಲ್ಲಾಡವಲ್ದು, ಅಪ್ಪನದು ಅಲ್ಲಾಡತಿತ್ತು ಅಂದ. ಯಾವುದು ಅಲ್ಲಾಡತೈತಿ ಅಂತ ಹೆದರಿ ನಾ ಮನಿ ಬಿಟ್ಟು ಬಂದೆನೋ ಅದನ್ನ ನನ್ನ ಮಗ ಬೇಡಾಕತ್ತಾನ.

ಹೋದ ವರ್ಷ ಶ್ರಾವಣದಾಗ ಹೊಳಿ ತುಂಬಿ ಬಂದ ದಿನದ್ದು ಕೆದರೂದು ನನಗೂ ಬ್ಯಾಸರ, ಆದ್ರೂ ಒಮ್ಮೆ ಬರದು ಮುಗಸ್ತೀನಿ. ನಡುಗಡ್ಡಿಯೊಳಗ ಎರಡು ಆಡು ಸಿಕ್ಕೊಂಡಾವ ಅಂತ ನೀವು ರಾಯಣ್ಣನ್ನ ಕೂಡಿಸಿಕೊಂಡು ಹರಗೋಲ ಬಿಟ್ರಿ. ನನಗ ಹೇಳಲಿಲ್ಲ. ಎರಡು ತಾಸು ನಾ ದಂಡಿ ಮ್ಯಾಲ ನಿಂತಿದ್ದೆ. ನೀವು ಆಡು ಹೆಗಲ ಮ್ಯಾಲ ಹಾಕ್ಕೊಂಡು ನಕ್ಕೋತ ಬಂದ್ರಿ. ನಾ ಮಂದಿ ಮುಂದ ಬಾಯಿಗೆ ಬಂದಂಗ ಬೈದೆ. ನೀವು, ನಿನಗ ನೀರಂದ್ರ ಏನು ಗೊತ್ತು, ಕೊಡದಾಗಿನ ನೀರು ನೋಡಿದಾಕಿ ಅಂದ್ರಿ. ಮಂದಿ ಎಲ್ಲಾ ನಕ್ಕರು. ಆ ನಗಿ ಕಿವಿಯೊಳಗಿಂದ ಹೋಗಲಿಲ್ಲ. ಮರುದಿನ ಮೊದಲ ಬಸ್ಸಿಗೆ ಹತ್ತಿದೆ.

ನೀವು ಅಂದದ್ದು ಸುಳ್ಳಲ್ಲ, ಅದ ನನಗ ಹೆಚ್ಚು ಹತ್ತಿದ್ದು. ಸೂಡಿಯೊಳಗ ಹುಟ್ಟಿದಾಕಿಗೆ ನೀರು ಅಂದ್ರ ಬಾವಿಯಿಂದ ಮ್ಯಾಲ ಬರೂದು, ಮಳಿಯಾಗಿ ಕೆಳಗ ಬೀಳೂದು. ಅಡ್ಡ ಹರಿಯೋ ನೀರು ನಾ ನಿಮ್ಮನ್ನ ಲಗ್ನಾಗಿ ಬಂದ ಮ್ಯಾಲೆ ನೋಡಿದ್ದು. ಹನ್ನೆರಡು ವರ್ಷ ಅದರ ದಂಡಿಯಾಗ ಅರಿಬಿ ಒಗದೆ, ಮೊಣಕಾಲಿಗಿಂತ ಮ್ಯಾಲ ನೀರಿಗೆ ಒಮ್ಮೆನೂ ಇಳೀಲಿಲ್ಲ. ನೀವೂ ಯಾಕ ಅಂತ ಕೇಳಲಿಲ್ಲ, ನಾನೂ ಹೆದರಿಕಿ ಅಂತ ಹೇಳಲಿಲ್ಲ. ಮಂದಿ ಮುಂದ ಬೈದದ್ದು ನನ್ನ ತಪ್ಪು. ಹೇಳದ ಹೋದದ್ದು ನಿಮ್ಮ ತಪ್ಪು. ನನ್ನ ತಪ್ಪು ನಾ ಬರದೀನಿ, ನಿಮ್ಮದು ನೀವು ಬರೀರಿ.

ಈಗ ಪ್ರವಾಸದ ಮಾತು. ನವೆಂಬರ್ ಎಂಟು, ಶನಿವಾರ, ಕನಕ ಜಯಂತಿ. ಸಾಲಿಯೊಳಗ ಪೂಜಾ ಮುಗಿಸಿಕೊಂಡು ಬಂದ ಕೂಡ್ಲೆ ಮಕ್ಕಳನ್ನ ರೋಣದ ಬಸ್ಸಿಗೆ ಹತ್ತಸ್ತೀನಿ, ಹೊಳೆಆಲೂರ ಮ್ಯಾಲ ಹಾದು ಮಧ್ಯಾಹ್ನ ಊಟದ ಹೊತ್ತಿಗೆ ಮೆಣಸಗಿ ಮುಟ್ಟತಾರ. ಜೋಡಿ ಮಾಳಪ್ಪ ಬರ್ತಾನ. ಐತಾರ ಸಂಜಿಗೆ ವಾಪಸ್ಸು. ನಾ ಬರೂದಿಲ್ಲ. ಕಡ್ಲಿ ಹೊಲದಾಗ ಕಸ ತೆಗಿಯಾಕ ಎಡಿ ಹೊಡಿಸೂದೈತಿ, ಕೆಲಸ ಭಾಳ.

ಹರಗೋಲಿಗೆ ಹೊಸಾ ತಾಡಪತ್ರಿ ಹೊಚ್ಚಿ ಡಾಂಬರು ಬಳದು, ಫೋಟೋ ರೇಷ್ಮಾಗ ಕಳಸೀರಿ. ನಾನೂ ನೋಡೀನಿ, ಚಲೋ ಆಗೇತಿ. ಮಕ್ಕಳು ಬರೂ ಮುಂದ ಆ ಡಾಂಬರು ಒಣಗಿರಬೇಕು, ಹಿಂದಕ್ಕ ಒಮ್ಮೆ ಆಕಿ ಹೊಸಾ ಫ್ರಾಕು ಅದಕ್ಕ ಹೋತು. ಲೈಫ್ ಜಾಕೀಟು ಮೂರು ತರಸ್ರಿ, ಎರಡು ಸಣ್ಣವು, ಒಂದು ದೊಡ್ಡದು, ದೊಡ್ಡದು ಮಾಳಪ್ಪಗ. ಹೊಳಿದಂಡಿ ಮಂದಿಗೆ ಜಾಕೀಟು ಯಾಕ ಅಂತ ನೀವು ಅನ್ನೂದು ನನಗ ಇಲ್ಲೇ ಕೇಳಸಾಕತ್ತೈತಿ. ಬೇಕು ಅಂದ್ರ ಬೇಕು. ಬ್ಯಾಸಗಿಯೊಳಗ ಮೊಸಳಿ ಕಂಡೈತಿ ಅಂತ ಒಂದು ಸುದ್ದಿ ಇತ್ತು, ಅದು ಖರೇನೋ ಸುಳ್ಳೋ ವಿಚಾರಿಸಿ ಬರೀರಿ. ಉಸುಕು ತೆಗದ ಕುಣಿ ಎಲ್ಲೆಲ್ಲಿ ಅದಾವ ನಿಮಗ ಗೊತ್ತು, ಅಲ್ಲಿ ಮಕ್ಕಳನ್ನ ನೀರಿಗೆ ಬಿಡಬ್ಯಾಡ್ರಿ. ಮ್ಯಾಲಿಂದ ಹೊಳಿಗೆ ನೀರು ಬಿಟ್ಟಾರ ಅಂತ ಗೊತ್ತಾದ್ರ ಅವತ್ತು ದಂಡಿ ಮ್ಯಾಲ ಕುಂತ ಗಾಳ ಹಾಕೂದು, ನಡುಗಡ್ಡಿ ಹೆಸರು ಎತ್ತಬಾರದು. ರೇಷ್ಮಾಗ ಹುಟ್ಟು ಹಾಕಾಕ ಕಲಸ್ರಿ. ಆಕಿ ಕೈಯಾಗ ಶಕ್ತಿ ಐತಿ, ಹೊಲದಾಗ ನೋಡೀನಿ.

ಎರಿಹುಳದ ಚಿಂತಿ ನಿಮಗ ಬ್ಯಾಡ. ರಾಯಣ್ಣ ಈಗಾಗಲೇ ಹಿಡದು ಉಪ್ಪಿನಕಾಯಿ ಭರಣಿಯೊಳಗ ತುಂಬಿ ಇಟ್ಟಾನ. ನಿನ್ನೆ ನಾ ಉಪ್ಪಿನಕಾಯಿ ಅಂತ ಮುಚ್ಚಳ ತೆಗದು ಕೈ ಹಾಕಿದೆ. ಆಮ್ಯಾಲೆ ಅವಗ ಏನಾತು ಅನ್ನೂದು ಅವನ್ನ ಕೇಳ್ರಿ. ಜ್ವಾಳದ ಹಿಟ್ಟಿನ ಉಂಡಿಗೂ ಮೀನ ಬೀಳ್ತಾವಲ್ಲ, ಅದನ್ನೂ ಕಲಸ್ರಿ. ಸಣ್ಣ ಮರಿ ಬಿದ್ರ ವಾಪಸ್ಸು ಬಿಡಬೇಕು ಅಂತ ಹೇಳ್ರಿ, ನೀವು ಹೇಳಿದ್ರ ಕೇಳ್ತಾವ. ಹೊಳ್ಯಾಗ ಜಿಲೇಬಿ ಮೀನ ಅದಾವ ಅಂತ ಯಾರೋ ರಾಯಣ್ಣಗ ಹೇಳ್ಯಾರ, ಅವು ಸಿಹಿ ಇರ್ತಾವ ಅಂತ ಅವ ನಂಬಿ ಕುಂತಾನ. ನಾ ತಿದ್ದಿಲ್ಲ. ಮೊದಲ ತುತ್ತಿಗೆ ಅವನ ಮಾರಿ ಹ್ಯಾಂಗ ಆಗತೈತಿ ನೋಡಬೇಕು ನನಗ. ಬರೂದಿಲ್ಲ ಅಂತ ಬರದು ನೋಡಬೇಕು ಅಂತ ಬರದೀನಿ, ಕೈ ತಪ್ಪಿ ಬಂತು, ಅದನ್ನ ಹಿಡಕೊಂಡು ಕೂಡ್ರಬ್ಯಾಡ್ರಿ.

ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟತೀನಿ. ಮೀನಿಗೆ ಹಚ್ಚೋ ಖಾರ ಇಲ್ಲೇ ಅರದು ಕಳಸ್ತೀನಿ, ಬಾಳವ್ವ ಅತ್ತಿಯವರಿಗೆ ಅರೆಯಾಕ ಹಚ್ಚಬ್ಯಾಡ್ರಿ, ಅವರಿಗೆ ರಟ್ಟಿ ನೋವು. ನನಗ ಹ್ಯಾಂಗ ಗೊತ್ತು ಅಂತೀರಾ. ಅತ್ತಿ ವಾರಕ್ಕೊಮ್ಮೆ ಫೋನ್ ಹಚ್ಚತಾರ, ನೀವು ಹೊಳಿಗೆ ಹೋದಾಗ. ಅವರಿಗೆ ಸಿಟ್ಟಾಗಬ್ಯಾಡ್ರಿ. ಅವರ ಹೇಳಿದ್ದು, ನೀವು ಈ ಹೊಸಾ ಹರಗೋಲ ಹಳೇದಕ್ಕಿಂತ ಒಂದು ಮೊಳ ಅಗಲ ಕಟ್ಟೀರಂತ. ಒಬ್ಬವಗ ಅಷ್ಟು ದೊಡ್ಡದು ಯಾಕೋ ಅಂತ ಅವರು ಕೇಳಿದ್ರ, ನಾಲ್ಕು ಮಂದಿ ಕೂಡ್ರಬೇಕಲ್ಲ ಅಂತ ನೀವು ಅಂದ್ರಂತ. ಅದನ್ನ ಕೇಳಿ ನಾ ಫೋನ್ ಇಟ್ಟೆ. ಅವತ್ತು ಸಂಜಿಗೆ ಪಲ್ಲೆಕ್ಕ ಉಪ್ಪು ಎರಡು ಸಲ ಬಿತ್ತು.

ಇನ್ನೊಂದು ಒಪ್ಪಿಕೊಳ್ಳೂದೈತಿ. ತಿಂಗಳಿಗೊಮ್ಮೆ ಬಸ್ಸಿನ ಕಂಡಕ್ಟರ್ ಕೈಯಾಗ ನೀವು ಕಳಸೋ ಮೀನಿನ ಡಬ್ಬಿ, ಅವ್ವ ಅದನ್ನ ಮುಟ್ಟೂದಿಲ್ಲ ಅಂತ ಮಕ್ಕಳ ಕಡೆಯಿಂದ ಹೇಳಿಸಿದ್ದೆ. ಸುಳ್ಳು. ಮೀನಿನ ತಲಿ ಯಾವಾಗಲೂ ನಾನ ತಿನ್ನೂದು. ನಿಮ್ಮ ನೆನಪು ಭಾಳ ಬರ್ತೈತ್ರಿ. ಸಿಟ್ಟು ಬಂದಾಗೂ ಬರ್ತೈತಿ, ಅದಕ್ಕ ಇನ್ನೂ ಸಿಟ್ಟು ಬರ್ತೈತಿ.

ನಡುಗಡ್ಡಿ ಮ್ಯಾಲ ಮಲಗೂದು ಬ್ಯಾಡ ಅಂತ ಬರಿಯಾಕ ಕುಂತಿದ್ದೆ. ರೇಷ್ಮಾ ನನ್ನ ಹೆಗಲ ಮ್ಯಾಲಿಂದ ಇಣುಕಿ ಓದಾಕತ್ತಾಳ, ಕಣ್ಣಾಗ ನೀರು ತಂದಾಳ. ಆತು, ಮಲಗ್ರಿ. ಹಾಸಾಕ ಎರಡು ಕೌದಿ ಕಳಸ್ತೀನಿ. ನನ್ನದು ಒಂದ ಮಾತು. ಇನ್ನ ಮ್ಯಾಲ ನೀರಿಗೆ ಇಳಿಯೂ ಮುಂದ ನನಗ ಹೇಳಿ ಇಳೀರಿ. ನಾ ತಡಿಯೂದಿಲ್ಲ. ಹೇಳಿ ಹೋದವರನ್ನ ದಂಡಿ ಮ್ಯಾಲ ಕುಂತು ಕಾಯಬಹುದು, ಹೇಳದ ಹೋದವರನ್ನ ಕಾಯೂದು ಆಗೂದಿಲ್ಲ. ಇದಕ್ಕ ಒಪ್ಪಿದ್ರ ಒಂದು ಸಾಲು ಬರೀರಿ, ಸಾಕು.

ಅತ್ತಿಯವರಿಗೆ ಕಾಲು ಮುಟ್ಟಿ ನಮಸ್ಕಾರ ಹೇಳ್ರಿ. ಮಕ್ಕಳು ನಿಮ್ಮ ಹಾದಿ ನೋಡಾಕತ್ತಾರ.

ಇಂತಿ,
ರೇಷ್ಮಾ, ರಾಯಣ್ಣರ ಅವ್ವ
ಲಕ್ಷ್ಮೀ

ತಾ.ಕ.: ಮ್ಯಾಲ ಎರಡು ಸುಳ್ಳು ಬರದೀನಿ, ಅವನ್ನ ಹಂಗ ಬಿಟ್ಟು ಟಪಾಲಿಗೆ ಹಾಕಾಕ ಮನಸ್ಸಾಗವಲ್ದು. ಮಾಳಪ್ಪ ಬರೂದಿಲ್ಲ. ಕಡ್ಲಿ ಎಡಿ ಅವ ಹೊಡಸ್ತಾನ, ದೊಡ್ಡ ಜಾಕೀಟು ನನಗ. ದಸರಾಕಿಂತ ಮೊದಲಿಂದ ದಿನಾ ಸಂಜಿಗೆ ಹೊಲದ ಬಾವ್ಯಾಗ ಇಳದು ಈಸಾಕ ಕಲಿಯಾಕತ್ತೀನಿ. ಬೆನ್ನಿಗೆ ಖಾಲಿ ಎಣ್ಣಿ ಕ್ಯಾನು ಕಟಗೊಂತಿದ್ದೆ, ಸೊಂಟದ ಹಗ್ಗ ಮಾಳಪ್ಪ ಪಾವಟಿಗಿ ಮ್ಯಾಲ ನಿಂತು ಹಿಡೀತಿದ್ದ. ಮೂವತ್ತನಾಲ್ಕು ವರ್ಷದಾಕಿ ಧಡಂ ಅಂತ ನೀರಿಗೆ ಬೀಳೂದು ನೋಡಾಕ ಓಣಿ ಮಂದೆಲ್ಲಾ ಬಂದ್ರು, ಹೊಟ್ಟಿ ಹಿಡಕೊಂಡು ನಕ್ಕರು. ನಗಲಿ ಬಿಡು ಅಂತ ಮರುದಿನ ಮತ್ತ ಬಿದ್ದೆ. ಹೋದ ವಾರ ಕ್ಯಾನು ಬಿಚ್ಚಿ ಒಗದೆ, ಅವತ್ತ ನಮ್ಮ ದೊಡ್ಡಪ್ಪಗ ಫೋನ್ ಹಚ್ಚಿ, ನಮ್ಮ ಸಲುವಾಗಿ ಯಾರೂ ಕೂಡೂದು ಬ್ಯಾಡ ಅಂದೆ. ಹಿರಿಯರು ಕೂಡ್ತಾರ ಅಂತ ಬರದದ್ದು ಎರಡನೇ ಸುಳ್ಳು. ಈಗ ಏನೂ ಹಿಡೀದ ಹತ್ತು ಮಾರು ಈಸ್ತೀನಿ. ಹೊಳಿ ಅದಕ್ಕಿಂತ ಅಗಲ ಐತಿ ಅಂತ ನನಗ ಗೊತ್ತು. ಉಳದದ್ದು ನೀವು ನೋಡಿಕೊಳ್ರಿ.