ಆರ್ವಿಡ್‌ನ ಹಳೆಯ ಕಾರು ಪರವಾಗಿಲ್ಲ

ಜನವರಿ ೧೯, ಭಾನುವಾರ

ಪಕ್ಕದ ಮನೆಯ ಆರ್ವಿಡ್ ನನಗೆ ಮಾರಿದ ಹಳೆಯ ಕಾರು ಇಂದೂ ಹಿಮದ ನಡುವೆ ನಿಂತು, ಮನಸ್ಸು ಬಂದಾಗ ಹೊರಟಿತು. ಬ್ಯಾಟರಿ ಬದಲಿಸಿದರೆ ಹೀಟರ್ ಮುನಿಯುತ್ತದೆ. ಹೀಟರನ್ನು ಒಲಿಸಿದರೆ ಎಂಜಿನ್ನಿಗೆ ಉಬ್ಬಸ.

ಚರ್ಚಿನಲ್ಲಿ ಕಾಫಿ ಕುಡಿಯುತ್ತ ಆರ್ವಿಡ್ ಎಂದಿನಂತೆ ಕಾರಿನ ಯೋಗಕ್ಷೇಮ ಕೇಳಿದ: “ಏನಯ್ಯಾ, ನಮ್ಮ ಮುದುಕಿ ಹೆಂಗಿದ್ದಾಳೆ?”

ನಾವು ಅಮೆರಿಕದ ಉತ್ತರದಂಚಿನ ಮಿನೆಸೋಟದವರು, ಮನೆಗೆ ಬೆಂಕಿ ಬಿದ್ದರೂ ನೆರೆಯವರಿಗೆ ಹೇಳುವುದು ಒಂದೇ ಮಾತು. “ಪರವಾಗಿಲ್ಲ,” ಎಂದೆ.

“ಹಂಗಾದ್ರೆ ನಾಳೆ ಒಂದಿನ ಕೊಡು. ಮಗಳು ಸಿಗ್ರಿಡ್ ಕೂಸನ್ನ ಕರ್ಕೊಂಡು ಅಷ್ಟು ದೂರ ಫಾರ್ಗೋ ಪಟ್ಟಣಕ್ಕೆ ಹೋಗ್ಬೇಕು.”

“ಅದಕ್ಕೇನಂತೆ,” ಎಂದು ಬೀಗದ ಕೈ ಕೊಟ್ಟುಬಿಟ್ಟೆ.

ನಿದ್ರೆ ಹತ್ತಿರ ಸುಳಿಯುತ್ತಿಲ್ಲ. ಉಗುಳು ನೆಲ ಮುಟ್ಟುವ ಮೊದಲೇ ಗಡ್ಡೆಗಟ್ಟುವ ಚಳಿ; ಅದರಲ್ಲಿ ಆ ಕಾರು, ಆ ಕೂಸು. ಆರ್ವಿಡ್‌ನ ಅಡುಗೆಮನೆಯ ದೀಪ ಇನ್ನೂ ಉರಿಯುತ್ತಿದೆ. ಬೂಟು ಹಾಕಿಕೊಂಡಿದ್ದೇನೆ, ನಿಜ ಹೇಳಿಯೇ ಬರುತ್ತೇನೆ. ಬಾಗಿಲು ತೆರೆದೊಡನೆ ಅವನು ‘ಹೆಂಗಿದ್ದೀಯಾ’ ಎಂದು ಕೇಳದಿದ್ದರೆ ಸಾಕು.